ಚಟ್ನಿ ಡಬ್ಬಿ

ಕಿತ್ತೂರು
9-2-2025, ಸಂಜೆ ಐದು ಗಂಟೆ

ಬೀಗತಿ ಇಂದ್ರವ್ವ ಅವರಿಗೆ ಶಟ್ಟೆವ್ವಳ ಶರಣಾರ್ಥಿ.

ಇವತ್ತು ಬೆಳಿಗ್ಗೆ ರೊಟ್ಟಿ ಬಡಿದೆ, ಅರಿವೆ ಒಗೆದೆ. ಮಧ್ಯಾಹ್ನ ಮಗಳು ಶೀತಲಳ ಟ್ರಂಕು ತೆಗೆದೆ. ಅವಳು ತೀರಿದ ಮೇಲೆ ದಿವಸದ ಊಟಕ್ಕೆ ನಿಮ್ಮಲ್ಲಿಗೆ ಬಂದಾಗ ನೀವು ನಮ್ಮ ಗಾಡಿಯಲ್ಲಿ ಇಡಿಸಿ ಕಳಿಸಿದ್ದು. ಹನ್ನೆರಡು ದಿನ ಹಾಗೇ ಇತ್ತು.

ಅಂದು ನನ್ನ ತಮ್ಮ ಮಲಕಾಜಪ್ಪ ಎಲ್ಲರೆದುರು ನಿಮಗೆ, "ಕಾಮಣಿ ಔಷಧ ಕುಡಿಸಿ ನಮ್ಮ ಹುಡುಗೀನ ಕೊಂದ್ರಿ ನೀವು" ಎಂದ. ನೀವು ತಲೆ ಎತ್ತಲಿಲ್ಲ. ನಾನು ಪಕ್ಕದಲ್ಲೇ ಕುಳಿತಿದ್ದೆ. ಸುಮ್ಮನಿದ್ದೆ.

ಶೀತಲಳಿಗೆ ಹದಿನಾರನೆಯ ವಯಸ್ಸಿನಿಂದ ಫಿಟ್ಸ್ ಇತ್ತು. ಲಗ್ನದ ಮಾತುಕತೆಯಲ್ಲಿ ಹೇಳಲಿಲ್ಲ. ತಿಂಗಳಿಗೊಮ್ಮೆ ನಾನು ಕಳಿಸುತ್ತಿದ್ದ ಶೇಂಗಾ ಚಟ್ನಿಯ ಡಬ್ಬಿಯ ತಳದಲ್ಲಿ ಅದರ ಗುಳಿಗೆ ಇರುತ್ತಿದ್ದವು. "ನಿಮ್ಮವ್ವಗ ನನ್ನ ಚಟ್ನಿ ಮ್ಯಾಲ ನಂಬಿಕಿ ಇಲ್ಲೇನವಾ" ಎಂದು ನೀವು ಕಾಡುತ್ತಿದ್ದಿರಂತೆ. ಅವಳು ಫೋನಿನಲ್ಲಿ ಹೇಳಿ ನಗುತ್ತಿದ್ದಳು.

ಗುಳಿಗೆ ಬರೆದ ಡಾಕ್ಟರ್ ಎರಡು ಮಾತು ಹೇಳಿದ್ದರು. ಕೇಳದೆ ಗುಳಿಗೆ ಬಿಡಬೇಡಿ. ವಾಂತಿಯಾದರೆ, ಕಣ್ಣು ಹಳದಿಯಾದರೆ ಅದೇ ದಿನ ಕರೆತನ್ನಿ, ಇದರಿಂದ ಕೆಲವರಿಗೆ ಲಿವರ್ ಕೆಡುತ್ತದೆ. ಲಗ್ನದ ನಂತರ ಅವರ ಕಡೆ ನಾವು ಹೋಗಲೇ ಇಲ್ಲ. ಹಳೆಯ ಚೀಟಿ ತೋರಿಸಿ ಗುಳಿಗೆ ತರುತ್ತಿದ್ದೆ.

ಕಳೆದ ತಿಂಗಳು ಶೀತಲ ಫೋನ್ ಮಾಡಿದಳು. "ಯವ್ವಾ, ಕಣ್ಣು ಹಳದಿ ಆಗ್ಯಾವ. ಅತ್ತಿ ಕಾಮಣಿಗೆ ಬೇರಿನ ಔಷಧ ಕೊಡಿಸ್ಯಾರ. ಗುಳಿಗಿ ತಗೊಳ್ಲೋ, ಬಿಡ್ಲೋ?" ಎಂದಳು.

"ಬಿಡಬ್ಯಾಡ. ಅವರ ಮುಂದ ಫಿಟ್ಸ್ ಬಂದು ಬಿದ್ದಿ ಅಂದ್ರ ಎಲ್ಲಾ ಗೊತ್ತಾಗತೈತಿ" ಎಂದೆ.

ಡಾಕ್ಟರರ ಎರಡನೆಯ ಮಾತು ನನಗೆ ನೆನಪಿತ್ತು. ಬರೇ ಕಾಮಣಿ, ಇಳಿದೀತು ಎಂದುಕೊಂಡೆ.

ಆರು ದಿನದ ಮೇಲೆ ಧಾರವಾಡದ ಆಸ್ಪತ್ರೆಯಲ್ಲಿ, ಮೊದಲಿಂದ ಏನಾದರೂ ಗುಳಿಗೆ ತಿನ್ನುತ್ತಾಳೆಯೇ ಎಂದು ಅಲ್ಲಿನ ಡಾಕ್ಟರ್ ಕೇಳಿದಾಗ ನೀವು, "ಏನೂ ಇಲ್ರಿ, ಗಟ್ಟಿ ಹುಡುಗಿ" ಎಂದಿರಿ. ನಾನು ಡಾಕ್ಟರರ ಹಿಂದೆ ಹೊರಗೆ ಹೋಗಿ ಹೇಳಿದೆ. ಲಿವರ್ ಹೋಗಿದ್ದು ಆ ಗುಳಿಗೆಯಿಂದಲೇ, ಬಹಳ ತಡ ಮಾಡಿದಿರಿ ಎಂದರು. ಅದನ್ನೂ ನಿಮಗೆ ಹೇಳಲಿಲ್ಲ.

ನೀವು ಗೊತ್ತಿಲ್ಲದೆ ಮಾಡಿದಿರಿ. ನಾನು ಗೊತ್ತಿದ್ದೂ ಸುಮ್ಮನಿದ್ದೆ.

ಅಳು ಬರುತ್ತಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ.

ಇಂತಿ,
ಶಟ್ಟೆವ್ವ

ತಾ.ಕ.: ಟ್ರಂಕಿನಲ್ಲಿ ಸೀರೆಗಳ ಕೆಳಗೆ ಚಟ್ನಿ ಡಬ್ಬಿ ತೊಳೆದು ಇಟ್ಟಿದ್ದಿರಿ. ಮುಚ್ಚಳ ತೆಗೆದೆ. ಉಳಿದ ಗುಳಿಗೆಗಳನ್ನು ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ ಒಳಗೆ ಇಟ್ಟಿದ್ದೀರಿ. ಮಲಕಾಜಪ್ಪ ಬೈಯುವಾಗ ಈ ಗುಳಿಗೆಯ ಸಂಗತಿ ನಿಮಗೆ ಗೊತ್ತಿತ್ತು. ಈ ಪತ್ರವನ್ನು ಅವನ ಕೈಗೆ ಕೊಡುತ್ತೇನೆ. ಅಂದು ಕೂಡಿದ್ದ ಜನರ ಮುಂದೆ ಅವನೇ ಓದಬೇಕು ಎಂದಿದ್ದೇನೆ. ನಾಳೆ ಏಳು ಗಂಟೆಯ ಬಸ್ಸಿಗೆ ಇಬ್ಬರೂ ನಿಮ್ಮೂರು ಹೂಲಿಗೆ ಬರುತ್ತೇವೆ.