ಕನ್ನಡಿ ಮೇಲೆದ್ದಾಗಿನ ಕತ್ತಲು

ಮಾನ್ಯರೇ,

ನನಗೆ ಬೇಕಾಗಿರುವುದು ಒಂದು ಕನ್ನಡಿ. ತಮ್ಮ ಕಂಪನಿಯೇ ತಯಾರಿಸಿದ ಕ್ಯಾಮೆರಾದೊಳಗೆ ಓರೆಯಾಗಿ ಕೂತಿರುವ, ಅಂಚೆ ಚೀಟಿಗಿಂತ ಸ್ವಲ್ಪ ದೊಡ್ಡದಾದ ಒಂದು ಕನ್ನಡಿ. ನನ್ನ ಕ್ಯಾಮೆರಾದ್ದು ಅಂಟು ಬಿಟ್ಟು ಕಳಚಿ ಬಿದ್ದು ಮೂಲೆ ಒಡೆದಿದೆ. ಅದನ್ನು ಬದಲಾಯಿಸಿ ಕೊಡಿ ಎಂದು ತಮ್ಮ ಸರ್ವೀಸ್ ಸೆಂಟರಿಗೆ ಅಲೆದು ಚಪ್ಪಲಿ ಸವೆಸಿದ್ದಾಯಿತು. ಕಂಪನಿಯ ಅತಿ ಎತ್ತರದ ಕುರ್ಚಿಯಲ್ಲಿ ಕೂತಿರುವ ತಮಗೆ ಖಾಸಗಿಯಾಗಿ ಬರೆದದ್ದೂ ಆಯಿತು. ಬಂದ ಉತ್ತರ ಪ್ರತಿ ಸಲವೂ ಒಂದೇ: 'ತಮ್ಮ ಅನಿಸಿಕೆ ನಮಗೆ ಅಮೂಲ್ಯ.' ನಾನು ಕೇಳಿದ್ದು ಕನ್ನಡಿ ಸ್ವಾಮೀ, ಅನಿಸಿಕೆ ಹೇಳಿಕೊಂಡದ್ದಲ್ಲ. ಆದ್ದರಿಂದ ಈಗ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕ್ಯಾಮೆರಾಗಳನ್ನು ಕೈಬಿಟ್ಟು, ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಕಡೆಗೆ ತಾವು ಹೊರಟಿದ್ದೀರಂತೆ. ಪತ್ರಿಕೆಯವರು ಕೇಳಿದಾಗ 'ಇನ್ನೂ ಯಾವ ತೀರ್ಮಾನವೂ ಆಗಿಲ್ಲ, ಗ್ರಾಹಕರ ಮನಸ್ಸನ್ನು ಗಮನಿಸುತ್ತಿದ್ದೇವೆ' ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಿರಿ. ತೀರ್ಮಾನ ಆಗಿಲ್ಲ, ಆದರೆ ಕನ್ನಡಿ ಬರುವುದು ನಿಂತುಹೋಗಿದೆ. ಇನ್ನೂ ಉಸಿರಾಡುತ್ತಿರುವ ರೋಗಿಯ ಮಂಚವನ್ನು ಬೇರೆಯವರಿಗೆ ಕೊಟ್ಟುಬಿಟ್ಟು, ಮನೆಯವರಿಗೆ 'ನೋಡೋಣ' ಎನ್ನುವ ಆಸ್ಪತ್ರೆಯನ್ನು ತಾವು ನೋಡಿದ್ದೀರಾ? ನಾನು ತಮ್ಮ ಸರ್ವೀಸ್ ಸೆಂಟರನ್ನು ನೋಡಿದ್ದೇನೆ.

ಅಲ್ಲಿ ಕಾಯುವ ಬೆಂಚಿನ ಎದುರು ಹೊಸ ಕ್ಯಾಮೆರಾದ ದೊಡ್ಡ ಜಾಹೀರಾತು ಇದೆ. ಅದರ ಮೇಲೆ ಹೀಗೆ ಬರೆದಿದೆ: 'ಇನ್ನು ಒಂದು ಕ್ಷಣವೂ ಕತ್ತಲಿಲ್ಲ.' ಈ ಪತ್ರ ಆ ಸಾಲಿಗೆ ಉತ್ತರ.

ಯಾವ ಕತ್ತಲು ಎಂದು ಓದುಗರಿಗೆ ಹೇಳಬೇಕು. ತಮಗೆ ಗೊತ್ತಿದೆ, ತಾವೇ ಮಾಡಿದ್ದು. ಹಳೆಯ ಕ್ಯಾಮೆರಾದಲ್ಲಿ ಎದುರಿಗಿರುವವರ ಬೆಳಕು ಒಳಗೆ ಬಂದು, ಓರೆ ಕನ್ನಡಿಗೆ ತಾಗಿ, ಮೇಲೆ ಹತ್ತಿ ನಮ್ಮ ಕಣ್ಣಿಗೆ ಬರುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ದಾರಿ ಬಿಟ್ಟು ಮೇಲೇಳುತ್ತದೆ, ಚಿತ್ರ ಬೀಳುತ್ತದೆ, ಕನ್ನಡಿ ಮತ್ತೆ ಕೆಳಗಿಳಿಯುತ್ತದೆ. ಕನ್ನಡಿ ಮೇಲಿದ್ದಷ್ಟು ಹೊತ್ತು ನಮ್ಮ ಕಣ್ಣಿಗೆ ಪೂರ್ತಿ ಕತ್ತಲು. ಅಂದರೆ ಫೋಟೋ ತೆಗೆಯುವವರು ಅದರ ಹಿಂದಿನ ಗಳಿಗೆಯನ್ನು ನೋಡಿರುತ್ತಾರೆ, ಮುಂದಿನದನ್ನೂ ನೋಡಿರುತ್ತಾರೆ, ತೆಗೆದ ಗಳಿಗೆಯನ್ನು ಮಾತ್ರ ನೋಡಿರುವುದಿಲ್ಲ. ಗಿರಾಕಿ ಕಣ್ಣು ಮುಚ್ಚುವುದು ಸರಿಯಾಗಿ ಆಗಲೇ.

ಅದಕ್ಕೇ ನನ್ನ ಸ್ಟುಡಿಯೋದಲ್ಲಿ ಎರಡನೇ ಜೋಡಿ ಕಣ್ಣು ಇತ್ತು. ಅವಳು ನನ್ನ ತಂಗಿ. ಬೀದಿಯವರು ನನ್ನನ್ನು ಫೋಟೋದಕ್ಕ ಎನ್ನುತ್ತಾರೆ, ಅವಳನ್ನು ಬಂತಮ್ಮ ಎನ್ನುತ್ತಿದ್ದರು. ಪಕ್ಕದ ಗೋಡೆಗೆ ತಾಗಿಸಿದ ಒಂದು ಸ್ಟೂಲು ಅವಳದು. ಅಲ್ಲಿಂದ ಗಿರಾಕಿಯ ಮುಖವೂ ಕಾಣಬೇಕು, ನನ್ನ ಬೆರಳೂ ಕಾಣಬೇಕು. ನನಗೆ ಕತ್ತಲಾದ ಗಳಿಗೆಯಲ್ಲಿ ಅವಳು ನೋಡುತ್ತಿದ್ದಳು. ಕಣ್ಣು ತೆರೆದಿದ್ದರೆ "ಬಂತು" ಎನ್ನುತ್ತಿದ್ದಳು. ಮುಚ್ಚಿದ್ದರೆ "ಇಲ್ಲ ಅಕ್ಕ, ಸಾಹೇಬ್ರು ಒಂದು ನಿದ್ದೆ ತೆಗೆದ್ರು, ಇನ್ನೊಂದ್ಸಲ" ಎನ್ನುತ್ತಿದ್ದಳು. ನಾನು ಕ್ಯಾಮೆರಾದ ಹಿಂಬದಿಯ ಪರದೆ ನೋಡಿ ಖಚಿತ ಮಾಡಿಕೊಳ್ಳಲು ಹೋದರೆ ಮೂಗು ಮುರಿಯುತ್ತಿದ್ದಳು. "ನಾನು ಹೇಳಿದ್ಮೇಲೂ ನೋಡ್ತೀಯಲ್ಲ, ನಾನೇನು ಕುರುಡಿನಾ?"

ತಾನು ಮಾತ್ರ ಫೋಟೋಕ್ಕೆ ನಿಲ್ಲುತ್ತಿರಲಿಲ್ಲ. ಹಿಡಿದು ಕೂರಿಸಿದರೆ ನಾಲಿಗೆ ಚಾಚುತ್ತಿದ್ದಳು, ಐವತ್ತು ದಾಟಿದ ಮೇಲೂ. ಅವಳ ಮುಖ ಅಂತ ನನ್ನ ಬಳಿ ಉಳಿದಿರುವುದು ಗುರುತಿನ ಚೀಟಿಯದ್ದೊಂದೇ. ಅದನ್ನು ತೆಗೆದದ್ದು ಸರ್ಕಾರಿ ಕಚೇರಿಯ ಗೂಡಿನಂಥ ಕಿಟಕಿಯಲ್ಲಿ. ನೋಡಿದವರು ಯಾರ ಮನೆ ದೋಚಿ ಸಿಕ್ಕಿಬಿದ್ದವಳೋ ಎಂದುಕೊಳ್ಳಬೇಕು, ಹಾಗಿದೆ. "ಅಲ್ಲಿ 'ಬಂತು' ಅನ್ನೋಕೆ ಯಾರಿರ್ಲಿಲ್ಲ ನೋಡು" ಎಂದು ಅವಳೇ ಅದನ್ನು ಎಲ್ಲರಿಗೂ ತೋರಿಸಿ ನಗುತ್ತಿದ್ದಳು.

ಕಳೆದ ವರ್ಷ ಒಂದು ಮಧ್ಯಾಹ್ನ ಒಬ್ಬ ಲಾರಿ ಚಾಲಕರು ಲೈಸೆನ್ಸಿನ ಫೋಟೋಕ್ಕೆ ಬಂದರು. ದೊಡ್ಡ ಆಳು. ಕ್ಯಾಮೆರಾ ಕಂಡರೆ ಉಸಿರು ಬಿಗಿಹಿಡಿಯುವ ಜಾತಿಯವರು. ತಂಗಿ ಸ್ಟೂಲಿನಿಂದಲೇ ಹೇಳಿದಳು: "ಗಲ್ಲ ಸ್ವಲ್ಪ ಕೆಳಗೆ ಯಜಮಾನ್ರೇ. ಉಸಿರು ಬಿಡಿ, ಏನೂ ಆಗಲ್ಲ." ಅವರು ಉಸಿರು ಬಿಟ್ಟರು. ನಾನು ಒತ್ತಿದೆ. ಕತ್ತಲಾಯಿತು, ಬೆಳಕಾಯಿತು. ಮಾತು ಬರಲಿಲ್ಲ.

"ಬಂತಾ?" ಎಂದೆ, ಕ್ಯಾಮೆರಾದಿಂದ ಕಣ್ಣು ತೆಗೆಯದೆ. ತೂಕಡಿಸಿದಳೇನೋ ಎಂದು ಸಿಟ್ಟೂ ಬಂತು. ಆಗ ನೋಡಿದೆ, ಚಾಲಕರು ನನ್ನ ಕಡೆ ನೋಡುತ್ತಿಲ್ಲ. ಅವರ ಕಣ್ಣು ಪಕ್ಕದ ಗೋಡೆಯ ಮೇಲಿದೆ.

"ಅಮ್ಮಾ," ಎಂದರು ಮೆಲ್ಲಗೆ, "ಅವರು ಯಾಕೋ ಹಂಗೇ ಕೂತುಬಿಟ್ರು."

ಗೋಡೆಗೆ ತಲೆ ಆನಿಸಿ, ಕಣ್ಣು ತೆರೆದುಕೊಂಡೇ ಕೂತಿದ್ದಳು ನನ್ನ ತಂಗಿ. ಹೃದಯ ಒಮ್ಮೆಗೇ ನಿಂತಿದೆ ಎಂದರು ಡಾಕ್ಟರು. ಯಾವಾಗ ಎಂದು ಕೇಳಿದೆ. "ಆ ಹೊತ್ತಿಗೇ" ಎಂದರು. ಆ ಹೊತ್ತು ಎಂದರೆ ಯಾವುದು ಎಂದು ನನಗೆ ಗೊತ್ತು. ಆ ಫೋಟೋ ಈಗಲೂ ಇದೆ. ಅದರಲ್ಲಿ ಚಾಲಕರ ಗಲ್ಲ ನೆಟ್ಟಗಿದೆ, ಭುಜ ಸಮವಾಗಿದೆ, ಕಣ್ಣುಗಳೆರಡೂ ಪಕ್ಕಕ್ಕೆ ಹೊರಳಿವೆ. ಮಾರನೆಯ ವಾರ ಅವರು ಬಂದು, ಬಾಗಿಲಲ್ಲೇ ನಿಂತು, ಫೋಟೋ ಬೇರೆ ಕಡೆ ತೆಗೆಸಿಕೊಂಡೆ ಎಂದು ಅಪರಾಧಿಯ ಹಾಗೆ ಹೇಳಿ ಹೋದರು.

ತಮ್ಮ ಹೊಸ ಕ್ಯಾಮೆರಾ ಇದ್ದಿದ್ದರೆ ಆಗ ಕತ್ತಲೇ ಆಗುತ್ತಿರಲಿಲ್ಲ, ಎಲ್ಲವನ್ನೂ ನೋಡುತ್ತಿದ್ದೆ ಎನ್ನುತ್ತೀರಾ? ಏನು ನೋಡುತ್ತಿದ್ದೆ? ಲಾರಿ ಚಾಲಕರ ಗಲ್ಲ!

ಅಂಗಡಿ ಮುಚ್ಚಿಬಿಡು ಎಂದವರು ಬಹಳ. ಮುಚ್ಚಲಿಲ್ಲ. ಯಾಕೆಂದು ಯಾರಿಗೂ ಹೇಳಿರಲಿಲ್ಲ, ಈಗ ಮರ್ಯಾದೆ ಬಿಟ್ಟು ತಮಗೆ ಹೇಳುತ್ತೇನೆ. ಮತ್ತೆ ಬಾಗಿಲು ತೆಗೆದ ದಿನ ಮೊದಲ ಗಿರಾಕಿಯನ್ನು ಕೂರಿಸಿ ಗುಂಡಿ ಒತ್ತಿದೆ. ಕನ್ನಡಿ ಮೇಲೆದ್ದಿತು, ಕತ್ತಲಾಯಿತು, ಆ ಕತ್ತಲಲ್ಲಿ "ಬಂತು" ಎಂದು ಕೇಳಿಸಿತು. ಎಂದಿನ ಧ್ವನಿ, ಎಂದಿನ ಕಡೆಯಿಂದ. ಪರದೆಯಲ್ಲಿ ನೋಡಿದರೆ ಗಿರಾಕಿಯ ಕಣ್ಣುಗಳು ಅಗಲವಾಗಿ ತೆರೆದಿದ್ದವು.

ನಾನು ದೆವ್ವ ಭೂತ ನಂಬುವವಳಲ್ಲ. ಅದು ನನ್ನ ಕಿವಿಯ ಅಭ್ಯಾಸ ಎಂದು ನನಗೂ ತಿಳಿಯುತ್ತದೆ. ಅಷ್ಟು ವರ್ಷ ಕತ್ತಲಿನ ಬೆನ್ನಿಗೇ ಬಂದ ಮಾತು ಆಮೇಲೂ ಬರುತ್ತಿತ್ತು, ಅಷ್ಟೇ. ಆದರೆ 'ಇಲ್ಲ ಅಕ್ಕ' ಎಂದು ಕೇಳಿಸಿದಾಗಲೆಲ್ಲ ಗಿರಾಕಿ ಕಣ್ಣು ಮುಚ್ಚಿರುತ್ತಿದ್ದದ್ದು ಯಾಕೆ ಎಂದು ಕೇಳಬೇಡಿ. ನಾನೂ ಕೇಳಿಕೊಳ್ಳಲಿಲ್ಲ. ದಿನಕ್ಕೆ ಕೆಲವು ಸಲ, ಕಣ್ಣು ಮಿಟುಕಿಸುವಷ್ಟು ಹೊತ್ತು, ನನಗೆ ತಂಗಿ ಇದ್ದಳು. ಅಷ್ಟರಲ್ಲೇ ನಾನು ಬದುಕುತ್ತಿದ್ದೆ.

ಆಮೇಲೆ ಕನ್ನಡಿ ಕಳಚಿ ಬಿತ್ತು.

ತಮ್ಮ ಸರ್ವೀಸ್ ಸೆಂಟರಿನ ಇಂಜಿನಿಯರ್ ಒಳ್ಳೆಯ ಮನುಷ್ಯ, ಅವರ ಮೇಲೆ ದೂರಿಲ್ಲ. "ಈ ಪಾರ್ಟು ಇನ್ನು ಬರಲ್ಲ ಮೇಡಂ, ಬರುತ್ತೆ ಅಂತ ನಿಮ್ಮ ಕಿವಿಗೆ ಹೂ ಇಡಲ್ಲ" ಎಂದು ನೇರವಾಗಿ ಹೇಳಿ, ಬಳಸಿ ನೋಡಿ ಎಂದು ಕನ್ನಡಿಯಿಲ್ಲದ ಕ್ಯಾಮೆರಾ ಒಂದನ್ನು ಕೊಟ್ಟು ಕಳಿಸಿದರು. ಕಣ್ಣಿಟ್ಟೆ. ಒಳಗೊಂದು ಪುಟಾಣಿ ಟಿವಿ. ಎದುರಿಗೆ ಕೂತ ಮನುಷ್ಯರನ್ನು ಟಿವಿಯಲ್ಲಿ ನೋಡಬೇಕಾದ ಕಾಲ ಬಂತಲ್ಲ ಎಂದುಕೊಂಡರೂ ಕೆಲಸಕ್ಕೆ ಕೂತೆ.

ಮೊದಲು ಬಂದದ್ದು ಒಂದು ಕುಟುಂಬ: ಗಂಡ, ಹೆಂಡತಿ, ಕಾಲೇಜಿನ ಮಗಳು, ಅಜ್ಜಿ. ನಾಲ್ವರು ಹಿಡಿಸಬೇಕಾದರೆ ಅಗಲದ ಲೆನ್ಸು ಹಾಕಬೇಕು. ಆಗ ಪಕ್ಕದ ಗೋಡೆಯ ಸ್ಟೂಲೂ ಅಂಚಿನಲ್ಲಿ ಬರುತ್ತದೆ, ಆಮೇಲೆ ಅದನ್ನು ಕತ್ತರಿಸಿ ತೆಗೆಯುತ್ತೇನೆ. ತಮ್ಮ ಯಂತ್ರ ಮುಖ ಹುಡುಕುವುದರಲ್ಲಿ ಬಹಳ ಜಾಣ. ಗಂಡನ ಮುಖದ ಸುತ್ತ ಹಳದಿ ಚೌಕ ಬಂತು. ಹೆಂಡತಿಗೊಂದು, ಮಗಳಿಗೊಂದು, ಅಜ್ಜಿಗೊಂದು. ಆಮೇಲೆ ಐದನೆಯದೊಂದು ಬಂತು. ಚಿತ್ರದ ಅಂಚಿನಲ್ಲಿ, ಖಾಲಿ ಸ್ಟೂಲಿನ ಮೇಲೆ, ಒಬ್ಬರು ಕೂತರೆ ತಲೆ ಎಲ್ಲಿರುತ್ತದೋ ಅಲ್ಲಿ. ಸ್ವಲ್ಪ ಅಲುಗಾಡಿತು, ಗಟ್ಟಿಯಾಗಿ ನಿಂತಿತು.

ಅಜ್ಜಿ ಕರೆದರು: "ಯಾಕೆ ಫೋಟೋದಕ್ಕ, ಬಿಳಿಚಿಕೊಂಡ್ಯಲ್ಲ! ನಮ್ಮ ಮುಖ ಅಷ್ಟು ಕೆಟ್ಟದಾಗಿದೆಯಾ?" ನಾನು ಹೇಗೋ ಒತ್ತಿದೆ. ಆಮೇಲೆ ನೋಡಿದರೆ ನಾಲ್ವರೂ ಮಂಜಿನಲ್ಲಿ ನಿಂತ ಹಾಗಿದ್ದರು. ತಮ್ಮ ಯಂತ್ರ ಅವರನ್ನು ಬಿಟ್ಟು ಗೋಡೆಯನ್ನು ಆರಿಸಿಕೊಂಡಿತ್ತು. ಗೋಡೆಯ ಒಂದೊಂದು ಬಿರುಕೂ ಸ್ಪಷ್ಟ.

ಅವರು ಹೋದ ಮೇಲೆ ಹತ್ತಿರ ಹೋಗಿ ನೋಡಿದೆ. ಅಷ್ಟು ವರ್ಷ ತಲೆ ಆನಿಸಿ ಆನಿಸಿ ಅವಳ ತಲೆ ಎಣ್ಣೆ ಗೋಡೆಗೆ ಹಿಡಿದಿದೆ. ಮುಖದಷ್ಟೇ ಅಗಲ, ಮುಖದಷ್ಟೇ ಉದ್ದ. ಅವಳು ಅಲ್ಲಿ ಸ್ಟೂಲು ಹಾಕಿಕೊಳ್ಳುವ ಮೊದಲು ಗಿರಾಕಿಗಳು ಕೂತು ತಲೆ ಬಾಚಲು ಆ ಜಾಗದಲ್ಲೊಂದು ಕನ್ನಡಿ ಇತ್ತು. ಅದರ ಮೊಳೆಗಳ ಎರಡು ತೂತು ಆ ಕಲೆಯೊಳಗೆ ಸಮಕ್ಕೆ ಸಮ ಉಳಿದಿವೆ. ಎರಡು ಕಣ್ಣು, ಒಂದು ಮುಖ. ನಾನು ದಿನಾ ಕಂಡರೂ ಕಾಣದಿದ್ದದ್ದನ್ನು ತಮ್ಮ ಯಂತ್ರ ಒಂದೇ ದಿನದಲ್ಲಿ ಕಂಡಿತು. ಅಭಿನಂದನೆಗಳು.

ತಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯವರು ಬಹಳ ತಾಳ್ಮೆಯಿಂದ ಕೇಳಿದರು.

"ಆ ಜಾಗದಲ್ಲಿ ಯಾರಾದ್ರೂ ಇದ್ರಾ ಮೇಡಂ?"

"ಇದ್ಲು."

"ಈಗ ಇದಾರಾ?"

"ಈಗ ಇಲ್ಲ."

"ಹಾಗಾದ್ರೆ ಅದು ತಪ್ಪು ಗುರುತು ಮೇಡಂ. ಆ ಗೋಡೆಗೆ ಸ್ವಲ್ಪ ಬಣ್ಣ ಹೊಡೆಸಿಬಿಡಿ, ಸರಿಹೋಗುತ್ತೆ."

ಬಣ್ಣ ತಂದೆ. ಡಬ್ಬದ ಮುಚ್ಚಳ ತೆಗೆದು, ಬ್ರಷ್ ಅದ್ದಿ, ಗೋಡೆಯ ಮುಂದೆ ನಿಂತೆ. ಬಣ್ಣ ತೊಟ್ಟಿಕ್ಕಿ ನನ್ನ ಚಪ್ಪಲಿಯ ಮೇಲೆ ಬಿತ್ತು. ಅವಳು ಫೋಟೋಕ್ಕೆ ನಿಲ್ಲದ ಹೆಣ್ಣು, ಕೊನೆಗೆ ಗೋಡೆಯ ಮೇಲಾದರೂ ನಿಂತಿದ್ದಾಳೆ, ಅದನ್ನೂ ನನ್ನ ಕೈಯಿಂದ ಅಳಿಸಬೇಕೇ? ಮುಚ್ಚಳ ಹಾಕಿಟ್ಟೆ. ಮತ್ತೆ ಫೋನ್ ಮಾಡಿದಾಗ ಇನ್ನೊಬ್ಬರು ಸಿಕ್ಕು, ಮುಖ ಹುಡುಕುವುದನ್ನು ಆಫ್ ಮಾಡುವುದು ಹೇಗೆಂದು ಹೇಳಿಕೊಟ್ಟರು. ಮಾಡಿದೆ. ಚೌಕ ಹೋಯಿತು. ಸಮಸ್ಯೆ ಪರಿಹಾರವಾಯಿತೇ ಎಂದು ಸಂದೇಶ ಕಳಿಸಿ, ಐದು ನಕ್ಷತ್ರಗಳಲ್ಲಿ ಎಷ್ಟು ಕೊಡುತ್ತೀರಿ ಎಂದೂ ಕೇಳಿದರು.

ಪರಿಹಾರವಾಗಲಿಲ್ಲ ಮಾನ್ಯರೇ. ಯಾಕೆಂದರೆ ತೊಂದರೆ ಚೌಕದ್ದಾಗಿರಲಿಲ್ಲ. ಗುಂಡಿ ಒತ್ತುತ್ತೇನೆ, ಕತ್ತಲಾಗುವುದಿಲ್ಲ. ತಾವು ಮಾತು ಕೊಟ್ಟ ಹಾಗೆಯೇ, ಒಂದು ಕ್ಷಣವೂ ಇಲ್ಲ. ಗಿರಾಕಿ ಕಣ್ಣು ಮುಚ್ಚುವುದು ನನಗೇ ಕಾಣುತ್ತದೆ, ಇನ್ನೊಬ್ಬರು ಹೇಳಬೇಕಾಗಿಲ್ಲ. ಹೇಳಬೇಕಾಗಿಲ್ಲದ ಕಾರಣಕ್ಕೋ ಏನೋ, ಅವಳು ಹೇಳುತ್ತಲೂ ಇಲ್ಲ. ಹಳೆಯ ಕ್ಯಾಮೆರಾದ ಹಾಗೆ 'ಟಕ್' ಎನ್ನುವ ಶಟರಿನ ಸದ್ದು ಬೇಕಿದ್ದರೆ ಸ್ಪೀಕರಿನಿಂದ ಹಾಕಿಕೊಳ್ಳಬಹುದು ಎಂದರು ಸಹಾಯವಾಣಿಯವರು, ಅದನ್ನೂ ಹಾಕಿಕೊಂಡೆ. ಸುಳ್ಳು ಸದ್ದಿಗೆ ಅವಳು ಓಗೊಡಲಿಲ್ಲ. ಮೊನ್ನೆ ಗಿರಾಕಿ ಎದುರು ನಾನೇ "ಬಂತು" ಎಂದು ನೋಡಿದೆ. ನನ್ನ ಬಾಯಲ್ಲಿ ಅದು ಹೊಂದಲಿಲ್ಲ.

ಈಗ ದಿನಾ ಅಂಗಡಿ ಬಾಗಿಲು ಹಾಕುವ ಮೊದಲು ಮುಖ ಹುಡುಕುವುದನ್ನು ಮತ್ತೆ ಆನ್ ಮಾಡಿ ಕ್ಯಾಮೆರಾವನ್ನು ಆ ಗೋಡೆಯ ಕಡೆ ಹಿಡಿಯುತ್ತೇನೆ. ಹಳದಿ ಚೌಕ ತಪ್ಪದೆ ಬರುತ್ತದೆ. ನಾನು ನೋಡುತ್ತೇನೆ, ಅದೂ ನೋಡುತ್ತದೆ. ಮಾತಾಡುವುದಿಲ್ಲ. ಹೆದರಿಕೆಯಾಗುವುದು ನನಗೆ ಇದರಿಂದ, ಕತ್ತಲಿನಿಂದಲ್ಲ.

ತಮ್ಮ ವ್ಯಾಪಾರ ತಮಗೆ. ಮಿರರ್‌ಲೆಸ್ ಮಾಡಿ, ಜಗತ್ತಿಗೆಲ್ಲ ಮಾರಿ, ಚೆನ್ನಾಗಿರಿ. ಹಗುರವಾಗಿದೆ, ಚಿತ್ರವೂ ಚೆನ್ನಾಗಿ ಬರುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಇದುವರೆಗೆ ತಾವೇ ಮಾರಿದ ಕ್ಯಾಮೆರಾಗಳಿಗೆ ಕನ್ನಡಿ ಕೊಡುವುದನ್ನು ನಿಲ್ಲಿಸಬೇಡಿ. ತಮ್ಮ ಯಾವುದೋ ಗೋದಾಮಿನ ಯಾವುದೋ ಪೆಟ್ಟಿಗೆಯ ತಳದಲ್ಲಿ ಒಂದು ಉಳಿದಿರಲೇಬೇಕು. ಹುಡುಕಿಸಿ. ಅವಳ ಮುಖ ನನಗೆ ಬೇಡ, ಅದನ್ನು ಅವಳು ತೊಟ್ಟಿಲಲ್ಲಿದ್ದಾಗಿನಿಂದ ನೋಡಿದ್ದೇನೆ. ನನಗೆ ಬೇಕಾದದ್ದು ಕಣ್ಣು ಮಿಟುಕಿಸುವಷ್ಟು ಕತ್ತಲು. ನನ್ನ ತಂಗಿ ಈಗ ಇರುವುದು ಅಲ್ಲಿ ಮಾತ್ರ. ಕನ್ನಡಿ ಕೊಡದಿದ್ದರೆ ಅವಳು ಎರಡನೇ ಸಲ ಸತ್ತ ಹಾಗೆ, ಮತ್ತು ಈ ಸಲ ಯಾವಾಗ ಎಂದು ಕೇಳಿದರೆ ಉತ್ತರ ಹೇಳಬೇಕಾದವರು ತಾವು.

ಇಂತಿ,
ಬಂತೋ ಇಲ್ಲವೋ ಹೇಳುವವರಿಲ್ಲದ,
ಫೋಟೋದಕ್ಕ