ಏಳನೇ ನಂಬರಿನ ಬೋಲ್ಟು

ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ,

ಗಿಡ್ಡನ ನಮಸ್ಕಾರಗಳು. ನಿನ್ನ ಮೂರು ಕಾಗದಗಳೂ ತಲುಪಿವೆ. ಕೆಲಸದ ಒತ್ತಡದಿಂದ ತಡವಾಯಿತು ಎಂದರೆ ನೀನು ನಂಬುವವಳಲ್ಲ, ಹಾಗಾಗಿ ಅದನ್ನು ಹೇಳುವುದಿಲ್ಲ. ಮೂರರಲ್ಲೂ ನೀನು ಕೇಳಿದ್ದು ಒಂದೇ ಮಾತು: "ನನ್ನ ಮಗ ತಪ್ಪು ಮಾಡಿದ್ನಾ? ಆ ರೈಫಲ್ ಮಾಡಿದವನು ನೀನು. ನೀನು ಹೇಳಿದ್ರೆ ನಂಬ್ತೀನಿ."

ಮೊದಲು ಇಲ್ಲಿಯ ಸುದ್ದಿ. ರೈಫಲ್ ಪಾಸಾಯಿತು. ಕಾರ್ಖಾನೆಯ ಗೇಟಿಗೆ ಹೊಸ ಬಣ್ಣ, ಡ್ರಾಯಿಂಗ್ ಸಾಹೇಬರಿಗೆ ಬಡ್ತಿ. ನಮಗೆಲ್ಲ ಒಂದೊಂದು ಸ್ಟೀಲ್ ಲೋಟ ಹಂಚಿದರು. ನಾನು ಅದರಲ್ಲಿ ಮೊಳೆ ಹಾಕಿಟ್ಟಿದ್ದೇನೆ.

ದೂರದ ಗುರಿಗೆ ಹೊಡೆಯುವ ಈ ರೈಫಲ್ಲಿಗೆ ಮೂರು ವರ್ಷ ಹಿಡಿಯಿತು ಅಕ್ಕ. ಮೊದಲು ಸಿಪಾಯಿಗಳ ಹಳೆಯ ರೈಫಲ್ಲಿಗೇ ದುರ್ಬೀನು ಕೂರಿಸಿ ನೋಡಿದೆವು. ಎಂಟುನೂರು ಗಜ ದಾಟುವಷ್ಟರಲ್ಲಿ ಗುಂಡು ತನ್ನ ಮನಸ್ಸಿಗೆ ಬಂದ ಕಡೆ ಹೋಗುತ್ತಿತ್ತು. ದಪ್ಪ ಬ್ಯಾರೆಲ್ ಹಾಕಿದೆವು. ಮರದ ಹಿಡಿ ಮಳೆಗೆ ಉಬ್ಬಿ ಬ್ಯಾರೆಲ್ಲಿಗೆ ತಾಗುತ್ತದೆಂದು ಅದನ್ನೂ ಬದಲಾಯಿಸಿದೆವು. ಉಳಿದದ್ದು ಬೋಲ್ಟು. ಕೈಯಿಂದ ಹಿಂದಕ್ಕೆಳೆದು, ಮುಂದೆ ತಳ್ಳಿ, ಕೆಳಗಿಳಿಸಿದರೆ ಗುಂಡಿನ ಹಿಂದೆ ಬಾಗಿಲಿನ ಅಗುಳಿಯಂತೆ ಕೂರುವ ಉಕ್ಕಿನ ತುಂಡು ಅದು. ಒಂದು ರೈಫಲ್ಲಿನದು ಇನ್ನೊಂದಕ್ಕೆ ಆಗುವುದಿಲ್ಲ. ನಡುವೆ ಕೂದಲೆಳೆಯಷ್ಟು ಸಂದು ಹೆಚ್ಚಿದ್ದರೂ ಬೆಂಕಿಯು ಗುಂಡು ಹೊಡೆಯುವವನ ಮುಖಕ್ಕೇ ತಿರುಗಬಹುದು. ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ: ಬೋಲ್ಟು ಕೂರಿಸಿದವನೇ ಗೇಜ್ ಹಾಕಿ ಆ ಸಂದನ್ನು ಅಳೆದು, ಆ ರೈಫಲ್ಲಿನ ನಂಬರನ್ನು ತನ್ನ ಕೈಯಾರೆ ಅದರ ಮೇಲೆ ಹೊಡೆಯಬೇಕು. ನಂಬರು ಬಿದ್ದ ಮೇಲೆ ಯಾರೂ ಮತ್ತೆ ಅಳೆಯುವುದಿಲ್ಲ.

ಕೊನೆಯ ಪರೀಕ್ಷೆಗೆ ಹನ್ನೆರಡು ರೈಫಲ್ ಕಳಿಸಿದೆವು. ಅರ್ಧಕ್ಕೆ ಬೋಲ್ಟು ಕೂರಿಸಿದ್ದು ನಾನು, ಇನ್ನರ್ಧಕ್ಕೆ ನನ್ನ ಜೊತೆಯವನು. ಗುರಿಗಾರರಿಗೆ ಬೇಕಾದ್ದನ್ನು ಆರಿಸಿಕೊಳ್ಳಿ ಎಂದರಂತೆ. ನಿನ್ನ ಮಗ ಏಳನೆಯದನ್ನು ಎತ್ತಿಕೊಂಡ. ನಲವತ್ತು ಗುಂಡುಗಳನ್ನು ಬೊಗಸೆಯಷ್ಟು ಜಾಗದಲ್ಲಿ ಹೊಡೆದ. ನಲವತ್ತೊಂದನೆಯದು ಅವನ ಬಲಗಣ್ಣು ತೆಗೆಯಿತು.

ತನಿಖೆಯ ವರದಿ ನಿನಗೆ ಗೊತ್ತು. "ಬೋಲ್ಟನ್ನು ಪೂರ್ತಿ ಇಳಿಸದೆ ಟ್ರಿಗರ್ ಎಳೆದಿದ್ದಾನೆ, ಅಜಾಗರೂಕತೆ." ಅಪ್ಪಟ ಸುಳ್ಳು. ಪೂರ್ತಿ ಇಳಿಯದಿದ್ದರೆ ಗುಂಡು ಹಾರಲೇಬಾರದು ಎಂದು ಒಂದು ವರ್ಷ ಅರ ಉಜ್ಜಿದವರು ನಾವು. ರೈಫಲ್ಲಿನ ನಕ್ಷೆ ಬರೆದ ಡ್ರಾಯಿಂಗ್ ಸಾಹೇಬರೇ ವರದಿಗೂ ರುಜು ಹಾಕಿದ್ದಾರೆ. "ಇದ್ಹೇಗೆ ಸಾರ್?" ಎಂದು ಕೇಳಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ, "ಒಂದು ಕಣ್ಣಿಗೋಸ್ಕರ ಮೂರು ವರ್ಷದ ಕೆಲಸ ನೀರಿಗೆ ಹಾಕೋಕಾಗುತ್ತೇನಯ್ಯ?" ಎಂದರು. ನನಗೆ ಮೈಯೆಲ್ಲ ಉರಿಯಿತು. ಆದರೂ ಹೂಂ ಎಂದು ತಲೆಯಾಡಿಸಿ ಹೊರಗೆ ಬಂದೆ.

ನಿನ್ನ ಪ್ರಶ್ನೆಗೆ ಉತ್ತರ: ಇಲ್ಲ ಅಕ್ಕ. ಅವನದೇನೂ ತಪ್ಪಿಲ್ಲ. ಅವನು ಅಜಾಗರೂಕ ಎಂದವರ ನಾಲಿಗೆ ಬಿದ್ದುಹೋಗಲಿ.

ಭಾವನಿಗೆ ನಮಸ್ಕಾರ ತಿಳಿಸು. ಹುಡುಗನಿಗೆ ಒಳ್ಳೆಯದಾಗಲಿ ಎಂದು ದಿನಾ ಬೇಡಿಕೊಳ್ಳುತ್ತೇನೆ. ಅವನ ಚಿಂತೆಯಲ್ಲಿ ನೀನು ಊಟ ಬಿಡಬೇಡ.

ನಿನ್ನ ತಮ್ಮ,
ಗಿಡ್ಡ

ಮರೆತಿದ್ದು: ಮರೆತಿದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ರೈಫಲ್ ಕಳಿಸುವ ಹಿಂದಿನ ದಿನ ಏಳನೆಯದರ ಬೋಲ್ಟಿನಲ್ಲಿ ಬಿರುಕು ಕಂಡಿತು. ಹೊಸದು ಮಾಡಲು ನಾಲ್ಕು ದಿನ ಬೇಕಿತ್ತು. ಹಳೆಯ ಮಾದರಿಯದೊಂದು ಕಪಾಟಿನಲ್ಲಿತ್ತು, ಕೂರಿಸಿದೆ. ಸಂದು ಹೆಚ್ಚಿದೆ, ಇದು ಬೇಡ ಎಂದು ಗೇಜು ಸ್ಪಷ್ಟವಾಗಿ ಹೇಳಿತು. ಕೂದಲೆಳೆ ತಾನೆ ಎಂದುಕೊಂಡು ಹಳೆಯ ನಂಬರನ್ನು ಉಜ್ಜಿ ತೆಗೆದು ಏಳು ಹೊಡೆದೆ. ಸಾಹೇಬರು ಹೇಳಿದ್ದಲ್ಲ, ಯಾರೂ ಹೇಳಿದ್ದಲ್ಲ. ನನ್ನಿಂದ ತಡವಾಯಿತು ಅನ್ನಿಸಿಕೊಳ್ಳಬಾರದು ಎಂಬ ಜಂಬ, ಅಷ್ಟೇ.

ನನ್ನ ಕೈಯಲ್ಲಿ ಏಳು ಯಾವಾಗಲೂ ಎಡಕ್ಕೆ ವಾಲುತ್ತದೆ. ಅವನು ಏಳನೇ ಕ್ಲಾಸಿನಲ್ಲಿದ್ದಾಗ ಅವನ ಊಟದ ಡಬ್ಬಿಯ ಮೇಲೆ ಹೊಡೆದುಕೊಟ್ಟಿದ್ದೆನಲ್ಲ, ತೆಗೆದು ನೋಡು. ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನನ್ನ ಕೈ ಹಿಡಿದು ಹೇಳಿದ: "ಹನ್ನೆರಡರಲ್ಲಿ ಅದೊಂದನ್ನೇ ಯಾಕೆ ಎತ್ತಿಕೊಂಡೆ ಗೊತ್ತಾ ಮಾಮ? ವಾಲಿದ ಏಳು ನೋಡಿ, ಇದು ನಿಮ್ಮ ಕೈಯದು ಅಂತ."

ಈ ಕಾಗದವನ್ನು ತನಿಖೆಯವರಿಗೆ ಕೊಡು. ನಾನು ಎರಡು ಸಲ ಅವರ ಬಾಗಿಲ ತನಕ ಹೋಗಿ ವಾಪಸ್ಸು ಬಂದೆ.