ಮೊದಲ ಮೂರು ದಿನದ ಹಾಲು

ತುಕ್ಕಾನಟ್ಟಿ
ತಾ. ೧೪-೨-೧೯೩೭

ಚಿ. ಸೌ. ತಂಗಿ ಶಿವವ್ವಳಿಗೆ,

ಅಕ್ಕ ಕಾಶೆವ್ವಳ ತುಂಬು ಆಶೀರ್ವಾದ. ಕಣಗಲಾದಲ್ಲಿ ನೀವೆಲ್ಲ ಆರಾಮ ಇದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಪತ್ರ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಬಾಣಂತಿ ಇರುವ ಮನೆಯಲ್ಲಿ ಕೈಗೆ ಬಿಡುವೆಲ್ಲಿ? ಹೌದು, ನಿನ್ನಕ್ಕ ಅಜ್ಜಿಯಾದಳು! ಸೊಸೆ ಗೌರಕ್ಕ ಹೆಣ್ಣು ಹಡೆದಿದ್ದಾಳೆ. ತವರಿನಲ್ಲಿ ತಾಯಿಯಿಲ್ಲದ ಹುಡುಗಿ, ಅದಕ್ಕೇ ಚೊಚ್ಚಲ ಹೆರಿಗೆ ಇಲ್ಲೇ ಆಯಿತು. ನಿನ್ನ ಮಗಳು ಸೀತವ್ವನಿಗೂ ದಿನ ತುಂಬುತ್ತ ಬಂದಿವೆಯಲ್ಲ, ಇಂದು ಪಟ್ಟು ಹಿಡಿದು ಬರೆಯಲು ಕೂತೆ.

ಕೂಸು ಹುಟ್ಟಿದ್ದು ಮುಂಜಾನೆ, ದನ ಬಿಡುವ ಹೊತ್ತಿಗೆ. ನಮ್ಮ ಪದ್ಧತಿ ನಿನಗೆ ಗೊತ್ತೇ ಇದೆ. ಮೊದಲ ಮೂರು ದಿನದ ಹಾಲು ಹಳದಿ, ಕೆಟ್ಟದ್ದು, ಹಿಂಡಿ ಚೆಲ್ಲಬೇಕು. ಅಲ್ಲಿಯವರೆಗೆ ಕೂಸಿಗೆ ಸಕ್ಕರೆ ನೀರು. ನಾನು ಹಿಂಡುವ ಬಟ್ಟಲು ತೊಳೆದಿಟ್ಟುಕೊಂಡು ದೊಡ್ಡ ಯಜಮಾನಿಯ ಹಾಗೆ ಕೂತಿದ್ದೆ. ಆದರೆ ಕೂಸಿನ ಹಿಂದೆ ಮಾಸು ಬಿದ್ದ ಮೇಲೂ ಗೌರಕ್ಕನ ರಕ್ತ ನಿಲ್ಲಲಿಲ್ಲ. ಹುಡುಗಿಯ ತುಟಿ ಬೆಳ್ಳಗಾಯಿತು.

ಸೂಲಗಿತ್ತಿ ಕೆಂಪವ್ವ ಹೊಟ್ಟೆ ನೀವುತ್ತಲೇ, "ಕೂಸಿನ್ನ ಎದಿಗೆ ಹಚ್ಚರಿ, ಲಗೂ!" ಎಂದಳು.

"ನಿನಗ ಹುಚ್ಚ ಹಿಡದೈತೇನ? ಮೂರ ದಿನಾ ಆಗೂತನಾ ಕುಡಸಾಂಗಿಲ್ಲ," ಎಂದೆ.

"ಮೊನ್ನಿ ನಿಮ್ಮ ಆಕಳಾ ಕರಾ ಹಾಕಿತಲ್ರಿ, ಕರಕ್ಕ ಮೊದಲ ಗಿಣ್ಣದ ಹಾಲು ಕುಡಸ್ರಿ, ಇಲ್ಲಂದ್ರ ಎದ್ದ ನಿಲ್ಲಾಂಗಿಲ್ಲ ಅಂತ ಒದರಿದವರು ಯಾರ್ರಿ? ನೀವ. ಮೊಮ್ಮಗಳು ಕರಕ್ಕಿಂತ ಕಡಿಮಿ ಏನ್ರೀ ಯವ್ವಾ?"

ಈ ಮನೆಯಲ್ಲಿ ನಿನ್ನ ಭಾವನೂ ನನ್ನ ಮಾತಿಗೆ ಎದುರಾಡುವುದಿಲ್ಲ. ಅಂದು ನಾನೇ ಹಿಂಡುವ ಬಟ್ಟಲನ್ನು ಬದಿಗೆ ಸರಿಸಿದೆ.

ಕೆಂಪವ್ವ ಕೂಸನ್ನು ತಾಯಿಯ ಬರಿ ಎದೆಯ ಮೇಲೆ ಮಲಗಿಸಿದಳು. ಶಿವವ್ವ, ಏನು ಹೇಳಲಿ! ಸರಿಯಾಗಿ ಕಣ್ಣು ಬಿಡದ ಕೂಸು ತಲೆ ಅಲ್ಲಾಡಿಸಿ, ಮೂಗಿನಿಂದ ಹುಡುಕಿ, ಕಾಲು ಒತ್ತಿ ತಾನೇ ಸರಿದು ಬಾಯಿ ಹಚ್ಚಿತು. ಯಾರು ಕಲಿಸಿದರು ಇದಕ್ಕೆ? ಚೀಪಿದಂತೆಲ್ಲ ಗೌರಕ್ಕ, "ಹೊಟ್ಟಿ ಹಿಂಡಾಕತ್ತೈತ್ರಿ ಅತ್ತಿ," ಎಂದು ನರಳಿದಳು. "ಹಿಂಡಲಿ ಬಿಡ್ರಿ, ಗರ್ಭಚೀಲ ಕುಗ್ಗಾಕತ್ತೈತಿ," ಎಂದು ಕೆಂಪವ್ವ ನನ್ನ ಕೈ ಹಿಡಿದು ಸೊಸೆಯ ಹೊಟ್ಟೆಯ ಮೇಲಿಟ್ಟಳು. ಮೆತ್ತಗಿದ್ದದ್ದು ತೆಂಗಿನಕಾಯಿಯಂತೆ ಗಟ್ಟಿಯಾಗಿತ್ತು. ಸ್ವಲ್ಪ ಹೊತ್ತಿಗೆ ರಕ್ತ ಹತೋಟಿಗೆ ಬಂತು. ಮೊಳದುದ್ದದ ಕೂಸು ತನ್ನ ತಾಯಿಯನ್ನು ತಾನೇ ಉಳಿಸಿಕೊಂಡಿತು, ಶಿವವ್ವ. ಯಾರಿಗೆಂದು ತಿಳಿಯದೆ ನಾನು ಕೈ ಮುಗಿದು ನಿಂತೆ.

ಆಮೇಲೆ ಸಕ್ಕರೆ ನೀರಿನ ಸುದ್ದಿಯೇ ಇಲ್ಲ, ಹರಳೆಣ್ಣೆಯ ಹನಿಯೂ ಇಲ್ಲ. ಆ ಹಳದಿ ಹಾಲೇ ಕೂಸಿನ ಹೊಟ್ಟೆ ತೊಳೆಯಿತು. ಮೂರನೆಯ ದಿನ ಗೌರಕ್ಕನ ಎದೆ ತುಂಬಿ ಬಂತು. ಗಂಟು ಕಟ್ಟಲಿಲ್ಲ, ಜ್ವರ ಬರಲಿಲ್ಲ. ಈಗ ಕೂಸಿನ ಕೆನ್ನೆ ನೋಡಬೇಕು ನೀನು! ನಿನ್ನ ಭಾವ ಹೊಲಕ್ಕೆ ಹೋಗುವುದನ್ನೂ ಮರೆತು ತೊಟ್ಟಿಲ ಬಳಿ ಕೂತಿರುತ್ತಾರೆ.

ಸೀತವ್ವನ ಕೂಸಿಗೆ ಮೊದಲ ಹನಿಯಿಂದಲೇ ಕುಡಿಸು. ಬೀಗಿತ್ತಿ ಏನಾದರೂ ಅಂದರೆ ತುಕ್ಕಾನಟ್ಟಿಯ ಹಟಮಾರಿ ಅಕ್ಕ ಹೇಳಿದ್ದಾಳೆ ಅನ್ನು, ಬೈಗುಳ ನನಗಿರಲಿ. ಬಸವಣ್ಣ ತಾಯಿ ಕೂಸು ಇಬ್ಬರನ್ನೂ ಚೆನ್ನಾಗಿಡಲಿ.

ನಿನ್ನ ಅಕ್ಕ,
ಕಾಶೆವ್ವ

ತಾ.ಕ.: ಪತ್ರ ಮಡಚಿದ್ದೆ, ಮತ್ತೆ ಬಿಚ್ಚಿದೆ. ಇಪ್ಪತ್ತೆರಡು ವರ್ಷದ ಹಿಂದೆ ಮಸಗುಪ್ಪಿಯ ತವರಿನಲ್ಲಿ ನಿನ್ನ ಮೊದಲ ಬಾಣಂತನ ಮಾಡಿದವಳು ನಾನು. ನಿನ್ನ ಹಾಲು ಹಿಂಡಿ ಗೋಡೆಯ ಬುಡಕ್ಕೆ ಚೆಲ್ಲಿದವಳೂ ನಾನೇ. ಗಂಡು ಕೂಸು ಸಕ್ಕರೆ ನೀರು ಕುಡಿದು, ಭೇದಿಯಾಗಿ, ಒಂಬತ್ತನೆಯ ದಿನ ಹೋಯಿತು. ಅದರ ಆಯುಷ್ಯ ಅಷ್ಟೇ ಎಂದು ಎಲ್ಲರೂ ಅಂದರು, ಎಲ್ಲರಿಗಿಂತ ಜೋರಾಗಿ ನಾನು ಅಂದೆ. ಆ ಹಾಲು ಚೆಲ್ಲಿದ್ದರಿಂದಲೇ ಹೋಯಿತೋ ನನಗೆ ಗೊತ್ತಿಲ್ಲ. ಅಲ್ಲ ಅನ್ನಲು ಇನ್ನು ಬಾಯಿ ಬರುವುದಿಲ್ಲ. ಎರಡನೆಯ ದಿನ ನೀನು ಎರಡೂ ಕೈ ಚಾಚಿ, "ಅಳಾಕತ್ತೈತಿ, ಒಮ್ಮಿ ಕೊಡ ಯಕ್ಕಾ," ಎಂದು ಬೇಡಿದ್ದೆ. ನಾನು ಕೂಸನ್ನು ಎತ್ತಿಕೊಂಡು ಹೊರಗೆ ಹೋದೆ.